ಬಾಯಂಚಿನ ಬಿರುಕು: ಹೊಸೂರಿನ ಒಂದು ಸೆರಾಮಿಕ್ ರೇಡೋಮ್ ಘಟಕದ ಪ್ರಕರಣ ಅಧ್ಯಯನ

ಹೊಸೂರಿನ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಸೆರಾಮಿಕ್ ಘಟಕದಲ್ಲಿ, ರೇಡಾರ್ ಆಂಟೆನಾಗಳನ್ನು ರಕ್ಷಿಸುವ ಫ್ಯೂಸ್ಡ್ ಸಿಲಿಕಾ (ಕರಗಿಸಿ ಗಾಜಾಗಿಸಿದ ಸಿಲಿಕಾ) ರೇಡೋಮ್‌ಗಳ ಪ್ರಾಯೋಗಿಕ ತಯಾರಿಕೆ ನಡೆದಿತ್ತು. ಹಿಂಗಾರು ಮಳೆಯ ದಿನಗಳಲ್ಲಿ ಎರಕ ಹೊಯ್ದ ಚಿಪ್ಪುಗಳನ್ನು ಸುಟ್ಟು ಹೊರತೆಗೆದಾಗ ಅವುಗಳ ಬಾಯಂಚಿನ ಸುತ್ತ ಕೂದಲೆಳೆ ಬಿರುಕುಗಳ ಜಾಲ ಕಾಣಿಸಿತು. ಅದೇ ಪುಡಿ, ಅದೇ ನಮೂನೆಯ ಅಚ್ಚು ಮತ್ತು ಅದೇ ಭಟ್ಟಿಯಿಂದ ಬೇಸಿಗೆಯಲ್ಲಿ ಬಂದ ಚಿಪ್ಪುಗಳಲ್ಲಿ ಈ ದೋಷವಿರಲಿಲ್ಲ. ಬಿರುಕು ಕಣ್ಣಿಗೆ ಬಿದ್ದದ್ದು ಭಟ್ಟಿಯ ಬಾಗಿಲು ತೆರೆದಾಗಲಾದ್ದರಿಂದ ಎಲ್ಲರೂ ಭಟ್ಟಿಯನ್ನೇ ದೂರಿದರು. ಕಾರಣ ಮಾತ್ರ ಅದಕ್ಕಿಂತ ಎಷ್ಟೋ ಹಂತ ಹಿಂದೆ, ನೀರಿನ ಕೊಳವೆಯಲ್ಲಿ ಇತ್ತು. ದೋಷ ಕಂಡ ಜಾಗಕ್ಕೂ ದೋಷ ಹುಟ್ಟಿದ ಜಾಗಕ್ಕೂ ನಡುವೆ ಇದ್ದ ಈ ದೂರವನ್ನು ಘಟಕವು ಹೇಗೆ ಹಿಂದಕ್ಕೆ ನಡೆದು ಬಂದಿತೆಂಬುದನ್ನು, ಆ ಹುಡುಕಾಟದ ಒಂದು ಹಂತದಲ್ಲಿ ಸಲಹೆಗಾಗಿ ಕರೆಯಲ್ಪಟ್ಟವನಾಗಿ ಇಲ್ಲಿ ದಾಖಲಿಸುತ್ತಿದ್ದೇನೆ. ಘಟಕದ ಮತ್ತು ಗ್ರಾಹಕರ ಹೆಸರುಗಳು ವಿಷಯಕ್ಕೆ ಅಗತ್ಯವಿಲ್ಲ.

ಘಟಕ ಮತ್ತು ಕೆಲಸ

ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯಲ್ಲಿದ್ದರೂ ಹೊಸೂರು ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರು ದೂರದಲ್ಲಿದೆ; ತಮಿಳುನಾಡು ರಕ್ಷಣಾ ಕೈಗಾರಿಕಾ ಕಾರಿಡಾರಿನ ಐದು ಕೇಂದ್ರಗಳಲ್ಲಿ ಅದೂ ಒಂದು. ಈ ಘಟಕವು ಮೊದಲು ಜವಳಿ ಯಂತ್ರಗಳಿಗೆ ಬೇಕಾದ ಅಲ್ಯುಮಿನಾ ನೂಲು ಗೈಡುಗಳನ್ನೂ ಕುಲುಮೆಗಳಿಗೆ ಬೇಕಾದ ಸೆರಾಮಿಕ್ ಕೊಳವೆಗಳನ್ನೂ ಮಾಡುತ್ತಿತ್ತು. ಎರಕದ ವಿಭಾಗದಲ್ಲಿಯೂ ಭಟ್ಟಿಯಲ್ಲಿಯೂ ಇರುವವರು ಹೆಚ್ಚಾಗಿ ಡೆಂಕಣಿಕೋಟೆ ಮತ್ತು ತಳಿ ಕಡೆಯ ಕನ್ನಡದ ಮನೆಗಳವರು. ರೇಡಾರ್ ವ್ಯವಸ್ಥೆಗಳನ್ನು ಜೋಡಿಸುವ ಬೆಂಗಳೂರಿನ ಗ್ರಾಹಕರೊಬ್ಬರು, ಎಕ್ಸ್ ಬ್ಯಾಂಡಿನಲ್ಲಿ, ಅಂದರೆ 10 ಗಿಗಾಹರ್ಟ್ಸ್ ಆಸುಪಾಸಿನ ಆವರ್ತನಗಳಲ್ಲಿ, ಕೆಲಸ ಮಾಡುವ ಆಂಟೆನಾಕ್ಕಾಗಿ ಚೂಪು ಮೂತಿಯ ಚಿಪ್ಪುಗಳನ್ನು ಮಾಡಿಕೊಡುವಂತೆ ಕೇಳಿದಾಗ, ಆಕಾರದ ದೃಷ್ಟಿಯಿಂದ ಅದು ಘಟಕಕ್ಕೆ ಹೊಸ ಸವಾಲೆಂದು ಅನಿಸಲಿಲ್ಲ. ಇದಕ್ಕಿಂತ ಜಟಿಲವಾದ ಆಕಾರಗಳನ್ನು ಅವರು ಮೊದಲೇ ಎರಕ ಹೊಯ್ದಿದ್ದರು.

ರೇಡೋಮಿನ ಕಷ್ಟ ಆಕಾರದಲ್ಲಿಲ್ಲ. ಗಾಳಿ, ಮಳೆ ಮತ್ತು ಶಾಖವನ್ನು ತಡೆಯುತ್ತಲೇ ರೇಡಾರ್ ಅಲೆಗಳಿಗೆ ತಾನು ಇಲ್ಲವೇ ಇಲ್ಲವೆಂಬಂತೆ ಇರಬೇಕಾದ ಗೋಡೆ ಅದು. ಸಾಮಾನ್ಯ ವಿಮಾನಗಳ ಮೂತಿಗೆ ಗಾಜಿನ ನಾರು ಮತ್ತು ರಾಳದ ಹೊದಿಕೆ ಸಾಕಾಗುತ್ತದೆ. ಗಾಳಿಯ ಘರ್ಷಣೆಯಿಂದ ಮೈ ನೂರಾರು ಡಿಗ್ರಿ ಬಿಸಿಯಾಗುವ ವೇಗದಲ್ಲಿ ರಾಳ ಉಳಿಯುವುದಿಲ್ಲವಾದ್ದರಿಂದ ಅಲ್ಲಿ ಸೆರಾಮಿಕ್ ಬೇಕು. ಅಲ್ಯುಮಿನಾ ಗಟ್ಟಿಯಾದರೂ ಅದರ ಡೈಎಲೆಕ್ಟ್ರಿಕ್ ಸ್ಥಿರಾಂಕ (ವಸ್ತುವು ರೇಡಾರ್ ಅಲೆಯನ್ನು ಎಷ್ಟು ನಿಧಾನಗೊಳಿಸುತ್ತದೆಂಬುದರ ಅಳತೆ) 9ರ ಮೇಲಿದೆ, ಬಿಸಿಯಾದಂತೆ ಹಿಗ್ಗುವುದೂ ಹೆಚ್ಚು. ಕಾರ್ನಿಂಗ್ ಕಂಪನಿಯ ಪೈರೋಸೆರಾಮ್ ಎಂಬ ಗಾಜು-ಸೆರಾಮಿಕ್‌ನಲ್ಲಿ ಆ ಸ್ಥಿರಾಂಕ 5.5ರಷ್ಟು. ಸ್ಲಿಪ್ ಎರಕದಿಂದ, ಅಂದರೆ ನೀರಿನಲ್ಲಿ ಕಲಸಿದ ಪುಡಿಯನ್ನು ಅಚ್ಚಿಗೆ ಹೊಯ್ದು, ಮಾಡಿದ ಫ್ಯೂಸ್ಡ್ ಸಿಲಿಕಾದಲ್ಲಿ ಅದು 3.3ರ ಆಸುಪಾಸಿನಲ್ಲಿದ್ದು ಬಿಸಿಯಾದರೂ ಹೆಚ್ಚು ಬದಲಾಗುವುದಿಲ್ಲ; ಜೊತೆಗೆ ಅದರ ಉಷ್ಣ ಹಿಗ್ಗುವಿಕೆ ಪ್ರತಿ ಡಿಗ್ರಿಗೆ ದಶಲಕ್ಷದಲ್ಲಿ ಅರ್ಧ ಭಾಗ ಮಾತ್ರ, ಅಂದರೆ ಸಾಮಾನ್ಯ ಉಕ್ಕಿನ ಇಪ್ಪತ್ತರಲ್ಲೊಂದು ಪಾಲಿಗಿಂತಲೂ ಕಡಿಮೆ. ಅಮೆರಿಕದ ಜಾರ್ಜಿಯಾ ಟೆಕ್‌ನಲ್ಲಿ ಬೆಳೆದ ಈ ವಿಧಾನವೇ ಮುಂದೆ ಪೇಟ್ರಿಯಟ್ ಕ್ಷಿಪಣಿಯ ಮೂತಿಗೂ ಬಂದಿತು. ದೌರ್ಬಲ್ಯವೆಂದರೆ ಬಲ: ಬಾಗಿಸುವ ಒತ್ತಡಕ್ಕೆ ಅದು ಅಲ್ಯುಮಿನಾದ ಹತ್ತನೆಯ ಒಂದು ಪಾಲಿನಷ್ಟು ಮಾತ್ರ ತಡೆಯುತ್ತದೆ, ಮೈಯೆಲ್ಲ ಸಣ್ಣ ರಂಧ್ರ ಬೇರೆ. ಹೀಗಿರುವಾಗ ಬಾಯಂಚಿನಲ್ಲಿ, ಅಂದರೆ ಲೋಹದ ಉಂಗುರವನ್ನು ಅಂಟಿಸಬೇಕಾದ ಜಾಗದಲ್ಲಿಯೇ ಬಿರುಕು ಕಾಣಿಸಿಕೊಂಡರೆ ಆ ಚಿಪ್ಪು ಉಪಯೋಗಕ್ಕೆ ಬಾರದು.

ಗೋಡೆಯ ದಪ್ಪವನ್ನೂ ಮನಸ್ಸಿಗೆ ಬಂದಂತೆ ಇಡಲಾಗುವುದಿಲ್ಲ. ಗೋಡೆಯ ಮುಂದಿನ ಮೈಯಿಂದಲೂ ಹಿಂದಿನ ಮೈಯಿಂದಲೂ ಪ್ರತಿಫಲಿಸುವ ಅಲೆಗಳು ಪರಸ್ಪರ ರದ್ದಾಗಬೇಕಾದರೆ ಗೋಡೆಯ ದಪ್ಪವು ಆ ವಸ್ತುವಿನೊಳಗಿನ ಅರ್ಧ ತರಂಗಾಂತರದಷ್ಟಿರಬೇಕು. 10 ಗಿಗಾಹರ್ಟ್ಸ್‌ನಲ್ಲಿ ಗಾಳಿಯಲ್ಲಿನ ತರಂಗಾಂತರ 30 ಮಿಲಿಮೀಟರು, ಸ್ಥಿರಾಂಕ 3.3 ಇದ್ದರೆ, ಅಲೆ ನೇರವಾಗಿ ಬಂದಾಗ ಬೇಕಾದ ದಪ್ಪ ಸುಮಾರು 8.26 ಮಿಲಿಮೀಟರು, 60 ಡಿಗ್ರಿ ಓರೆಯಾಗಿ ಬಂದಾಗ ಸುಮಾರು 9.4 ಮಿಲಿಮೀಟರು. ಚೂಪು ಮೂತಿಯ ಚಿಪ್ಪಿನಲ್ಲಿ ಅಲೆ ಬಹುತೇಕ ಓರೆಯಾಗಿಯೇ ತಾಗುವುದರಿಂದ ಎರಡನೆಯ ಸಂಖ್ಯೆಯೇ ಮುಖ್ಯ. ಈ ದಪ್ಪವನ್ನು ಮಿಲಿಮೀಟರಿನ ನೂರನೆಯ ಕೆಲವು ಭಾಗಗಳ ಒಳಗೆ ಹಿಡಿಯಲು, ಸುಟ್ಟ ಚಿಪ್ಪನ್ನು ವಜ್ರದ ಚಕ್ರದಿಂದ ಒಳಗೂ ಹೊರಗೂ ಉಜ್ಜುತ್ತಾರೆ. ಸ್ಥಿರಾಂಕ ಬದಲಾದರೆ ಸರಿಯಾದ ದಪ್ಪವೂ ಬದಲಾಗುತ್ತದೆ ಎಂಬ ಒಂದು ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ನಡೆದ ಅರ್ಧ ನಷ್ಟಕ್ಕೆ ಅದೇ ಕಾರಣ.

ಮೊದಲ ಪರಿಹಾರ ಮತ್ತು ಅದರಿಂದ ಆದ ನಷ್ಟ

ತಯಾರಿಕೆಯ ಕ್ರಮ ಹೀಗಿತ್ತು. ಶುದ್ಧ ಫ್ಯೂಸ್ಡ್ ಸಿಲಿಕಾವನ್ನು ಬಾಲ್ ಮಿಲ್ಲಿನಲ್ಲಿ ನೀರಿನೊಂದಿಗೆ ಅರೆದು, ತೂಕದಲ್ಲಿ ಶೇಕಡ 80ಕ್ಕೂ ಹೆಚ್ಚು ಘನವಸ್ತುವಿರುವ ಸ್ಲಿಪ್ ಮಾಡಿ, ಅದನ್ನು ಸ್ವಲ್ಪ ಆಮ್ಲೀಯವಾಗಿಟ್ಟು, ಮೂತಿ ಕೆಳಗಾಗಿ ನಿಲ್ಲಿಸಿದ ಪ್ಲಾಸ್ಟರ್ ಅಚ್ಚಿಗೆ ಹೊಯ್ಯುವುದು. ಅಚ್ಚು ನೀರನ್ನು ಹೀರಿಕೊಂಡು ಗೋಡೆ ಗಟ್ಟಿಯಾದ ಮೇಲೆ ಬಿಡಿಸಿ ಒಣಗಿಸುವುದು. 1200 ಡಿಗ್ರಿ ಸೆಲ್ಸಿಯಸ್ ಸಮೀಪದಲ್ಲಿ ಸುಡುವುದು. ಉಜ್ಜಿ, ಅಳೆದು, ರಂಧ್ರಗಳಿಗೆ ನೀರು ಇಳಿಯದಂತೆ ಸಿಲಿಕೋನ್ ರಾಳದ ಲೇಪ ಕೊಡುವುದು.

ಬಿರುಕು ಕಂಡಾಗ ಉತ್ಪಾದನಾ ಮೇಲ್ವಿಚಾರಕರ ಮೊದಲ ತೀರ್ಮಾನ, ಭಟ್ಟಿ ಬೇಗ ತಣಿಯುತ್ತಿದೆ ಎಂಬುದಾಗಿತ್ತು. ಮಳೆಗಾಲದ ತಣ್ಣನೆಯ ಗಾಳಿ ಬಾಗಿಲ ಸಂದಿಯಿಂದ ನುಗ್ಗಿ ಅಂಚಿಗೆ ತಾಗುತ್ತಿರಬೇಕೆಂದು ಸಂದಿಗೆ ಸೆರಾಮಿಕ್ ಉಣ್ಣೆ ತುರುಕಿದರು, ತಣಿಯುವ ಅವಧಿಯನ್ನು ಉದ್ದ ಮಾಡಿದರು. ಬಿರುಕು ಕಡಿಮೆಯಾಗಲಿಲ್ಲ. ಆಮೇಲೆ ಸುಡುವ ಉಷ್ಣತೆಯನ್ನೇ ಸುಮಾರು 40 ಡಿಗ್ರಿ ಇಳಿಸಿದಾಗ ಬಿರುಕು ಬಹುಮಟ್ಟಿಗೆ ಮಾಯವಾಯಿತು. ಗ್ರಾಹಕರ ಗಡುವು ಹತ್ತಿರವಿದ್ದುದರಿಂದ ಅಲ್ಲಿಗೆ ವಿಷಯ ಮುಗಿಯಿತೆಂದು ಭಾವಿಸಿ ಚಿಪ್ಪುಗಳನ್ನು ಮೊದಲಿನ ನಕ್ಷೆಯ ದಪ್ಪಕ್ಕೇ ಉಜ್ಜಿ ಕಳುಹಿಸಿಕೊಟ್ಟರು.

ಆಯಾಮದ ತಪಾಸಣೆಯಲ್ಲಿ ಒಂದು ಚಿಪ್ಪೂ ತಿರಸ್ಕೃತವಾಗಲಿಲ್ಲ. ವಿದ್ಯುತ್ಕಾಂತೀಯ ಪರೀಕ್ಷೆಯಲ್ಲಿ ಒಂದೂ ಪಾಸಾಗಲಿಲ್ಲ. ಅಲೆ ಅತ್ಯಂತ ಚೆನ್ನಾಗಿ ಹಾದುಹೋಗುವ ಆವರ್ತನವು 10 ಗಿಗಾಹರ್ಟ್ಸ್‌ನಿಂದ ಮೇಲಕ್ಕೆ ಸರಿದಿತ್ತು, ಆಂಟೆನಾ ನೋಡುತ್ತಿರುವ ದಿಕ್ಕಿಗೂ ಗುರಿ ಕಾಣಿಸುವ ದಿಕ್ಕಿಗೂ ನಡುವಿನ ಕೋನದ ದೋಷ ಮಿತಿ ಮೀರಿತ್ತು. ಕಾರಣವನ್ನು ಕಾಗದದ ಮೇಲೆಯೇ ಲೆಕ್ಕ ಹಾಕಬಹುದಾಗಿತ್ತು. ಉಷ್ಣತೆ ಇಳಿಸಿದ್ದರಿಂದ ಕಣಗಳು ಸಾಕಷ್ಟು ಬೆಸೆಯದೆ ಸಾಂದ್ರತೆ ಘನ ಸೆಂಟಿಮೀಟರಿಗೆ 1.96 ಗ್ರಾಂನಿಂದ 1.88 ಗ್ರಾಂ ಸಮೀಪಕ್ಕೆ ಇಳಿದಿತ್ತು. ಗೋಡೆಯಲ್ಲಿ ಗಾಳಿಯ ಪಾಲು ಹೆಚ್ಚಿದಷ್ಟೂ ಡೈಎಲೆಕ್ಟ್ರಿಕ್ ಸ್ಥಿರಾಂಕ ತಗ್ಗುತ್ತದೆ, 3.3 ಇದ್ದದ್ದು 3.15ರ ಆಸುಪಾಸಿಗೆ ಬಂದರೆ 60 ಡಿಗ್ರಿ ಓರೆಗೆ ಬೇಕಾದ ದಪ್ಪ 9.4ರ ಬದಲು ಸುಮಾರು 9.7 ಮಿಲಿಮೀಟರು. 9.4ಕ್ಕೇ ಉಜ್ಜಿದ ಗೋಡೆ 10.3 ಗಿಗಾಹರ್ಟ್ಸ್‌ಗೆ ಹೊಂದಿಕೊಳ್ಳುತ್ತದೆ. ಉಜ್ಜಿ ಕಳೆದ ದಪ್ಪವನ್ನು ಮರಳಿ ಸೇರಿಸಲು ಉಪಾಯವಿಲ್ಲ. ಆ ತಂಡದ ಚಿಪ್ಪುಗಳೆಲ್ಲ ಕೊನೆಗೆ ಉಂಗುರ ಅಂಟಿಸುವ ಪ್ರಯೋಗಗಳಿಗೆ ಮಾತ್ರ ಬಳಕೆಯಾದವು.

ಇಲ್ಲಿ ಒಂದು ಮಾತು ಹೇಳಬೇಕು. ನೂಲು ಗೈಡು ಮಾಡುವವರಿಗೆ ಭಟ್ಟಿಯ ಉಷ್ಣತೆ ಒಂದು ಹೊಂದಾಣಿಕೆಯ ಗುಂಡಿ. ಬಣ್ಣವೋ ಗಡಸುತನವೋ ಸರಿಯಾಗಿ ಬರುವವರೆಗೆ ಹತ್ತಿಪ್ಪತ್ತು ಡಿಗ್ರಿ ಅತ್ತಿತ್ತ ಮಾಡುವುದು ಅವರ ನಿತ್ಯದ ಅಭ್ಯಾಸ, ಅದರಲ್ಲಿ ತಪ್ಪೂ ಇಲ್ಲ. ರೇಡೋಮಿನಲ್ಲಿ ಆ ಗುಂಡಿಯನ್ನು ತಿರುಗಿಸಿದರೆ ಉತ್ಪನ್ನವೇ ಬೇರೆಯಾಗುತ್ತದೆ.

ಭಟ್ಟಿಯ ಲಾಗ್ ಪುಸ್ತಕ ಹೇಳಿದ್ದು

ನಾನು ನೋಡಿದ ಮೊದಲ ದಾಖಲೆ ಭಟ್ಟಿಯ ಲಾಗ್ ಪುಸ್ತಕ. ಉಷ್ಣತೆಯ ಅಂಕಣಗಳನ್ನು ಎಲ್ಲರೂ ಓದಿದ್ದರು. ಷರಾ ಅಂಕಣದಲ್ಲಿ ರಾತ್ರಿ ಪಾಳಿಯ ಹಿರಿಯ ಕೆಲಸಗಾರರು ಕನ್ನಡದಲ್ಲಿ ‘ಸದ್ದು’ ಎಂದು ಹಲವೆಡೆ ಬರೆದಿದ್ದರು. ಗುಣಮಟ್ಟ ವಿಭಾಗದ ಎಂಜಿನಿಯರರು ಹೊರಗಿನವರಾದ್ದರಿಂದ ಅದನ್ನು ಓದಿರಲಿಲ್ಲ. ವಿಚಾರಿಸಿದಾಗ ಆ ಹಿರಿಯರು ಹೇಳಿದ್ದು: “ಉರೀವಾಗ ಏನೂ ಇಲ್ಲ ಸಾರ್, ಆರ್‌ತಾ ಬಂದಾಗ ಒಳಗೆ ಟಿಕ್ ಟಿಕ್ ಅಂತದೆ. ಮೀಟರಲ್ಲಿ ಇನ್ನೂರೈವತ್ತು ತೋರಿಸ್ತಿರ್ತದೆ.” ಸಾವಿರ ಡಿಗ್ರಿಯಲ್ಲಿ ಬರದ, ಐನೂರರಲ್ಲಿಯೂ ಬರದ ಸದ್ದು ಇನ್ನೂರೈವತ್ತರಲ್ಲಿ ಬರುತ್ತಿತ್ತು ಎಂಬ ಈ ಒಂದು ಸಂಗತಿ ನನ್ನ ಮಟ್ಟಿಗೆ ಇಡೀ ಪ್ರಕರಣದ ಕೀಲಿಕೈ.

ಏಕೆಂದರೆ ಶುದ್ಧ ಫ್ಯೂಸ್ಡ್ ಸಿಲಿಕಾ ಕೆಂಪಗೆ ಕಾದಿರುವಾಗ ನೀರಿಗೆ ಹಾಕಿದರೂ ಒಡೆಯದ ವಸ್ತು. ಬಾಗಿಲ ಸಂದಿಯ ಗಾಳಿಗೆ ಅದು ಬಿರುಕು ಬಿಡುತ್ತದೆಂಬ ವಾದ ಆರಂಭದಿಂದಲೇ ಸಡಿಲವಾಗಿತ್ತು. ಆದರೆ ಅದೇ ಸಿಲಿಕಾ ಗಾಜಿನ ಸ್ಥಿತಿ ಬಿಟ್ಟು ಹರಳುಗಟ್ಟಿ ಕ್ರಿಸ್ಟೋಬಲೈಟ್ ಆದರೆ ಮಾತು ಬೇರೆ. 1200 ಡಿಗ್ರಿಯ ಆಸುಪಾಸಿನಲ್ಲಿ ಹುಟ್ಟುವ ಈ ಹರಳು ತಣಿಯುವಾಗ ಸುಮಾರು 270ರಿಂದ 200 ಡಿಗ್ರಿಯ ನಡುವೆ ಥಟ್ಟನೆ ತನ್ನ ರಚನೆಯನ್ನು ಬದಲಿಸಿ ಗಾತ್ರದಲ್ಲಿ ಶೇಕಡ ಕೆಲವು ಪಾಲು ಕುಗ್ಗುತ್ತದೆ. ಸುತ್ತಲಿನ ಗಾಜು ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ಹರಳು ಇದ್ದಲ್ಲೆಲ್ಲ ಸೀಳು ಏಳುತ್ತದೆ, ಸದ್ದು ಅದರದೇ. ಉಷ್ಣತೆ ಇಳಿಸಿದಾಗ ಬಿರುಕು ನಿಂತದ್ದೇಕೆಂಬುದಕ್ಕೂ ಇದರಲ್ಲಿಯೇ ಉತ್ತರವಿದೆ: ಕಡಿಮೆ ಉಷ್ಣತೆಯಲ್ಲಿ ಹರಳು ಕಡಿಮೆ ಬೆಳೆಯಿತು.

ಅಂಚಿನಿಂದ, ನಡುವಿನಿಂದ ಮತ್ತು ಮೂತಿಯಿಂದ ಚೂರು ತೆಗೆದು, ಹರಳು ಇದೆಯೇ ಎಂದು ತೋರಿಸುವ ಎಕ್ಸ್-ರೇ ವಿವರ್ತನ ಪರೀಕ್ಷೆಗೆ ಕಳುಹಿಸಲಾಯಿತು. ಮೂತಿಯ ಮತ್ತು ನಡುವಿನ ಚೂರುಗಳಲ್ಲಿ ಗಾಜಿನ ಅಗಲವಾದ ದಿಬ್ಬ ಮಾತ್ರ ಕಂಡಿತು. ಬಾಯಂಚಿನ ಚೂರಿನಲ್ಲಿ ಆ ದಿಬ್ಬದ ಮೇಲೆ ಕ್ರಿಸ್ಟೋಬಲೈಟಿನ ಮುಖ್ಯ ಶಿಖರ ಎದ್ದು ನಿಂತಿತ್ತು. ಅಂಚನ್ನು ಒಂದೆರಡು ಮಿಲಿಮೀಟರು ಉಜ್ಜಿ ಒಳಗಿನ ಪದರವನ್ನು ಪರೀಕ್ಷಿಸಿದಾಗ ಶಿಖರ ಬಹಳ ತಗ್ಗಿತು. ಇಡೀ ಚಿಪ್ಪು ಒಂದೇ ಭಟ್ಟಿಯಲ್ಲಿ, ಒಂದೇ ಉಷ್ಣತೆಯಲ್ಲಿ ಸುಟ್ಟಿರುವಾಗ ಅಂಚಿನ ಮೇಲ್ಮೈ ಮಾತ್ರ ಹರಳುಗಟ್ಟಬೇಕಾದರೆ ಅಲ್ಲಿ ಇನ್ನೇನೋ ಸೇರಿರಬೇಕು. ಸಿಲಿಕಾವನ್ನು ಬೇಗ ಹರಳುಗಟ್ಟಿಸುವವುಗಳಲ್ಲಿ ಮೊದಲು ಹೆಸರಿಸಬೇಕಾದದ್ದು ಸೋಡಿಯಂ. ಬೆವರಿನ ಬೆರಳು ತಾಗಿದ ಕ್ವಾರ್ಟ್ಜ್ ಕೊಳವೆ ಕುಲುಮೆಯಲ್ಲಿ ಆ ಗುರುತಿನ ಮೇಲೆಯೇ ಬೆಳ್ಳಗಾಗುವುದನ್ನು ಪ್ರಯೋಗಾಲಯದವರು ಬಲ್ಲರು. ಅಂಚಿನ ಪುಡಿಯ ರಾಸಾಯನಿಕ ವಿಶ್ಲೇಷಣೆಯಲ್ಲಿ ಮೂತಿಯ ಭಾಗಕ್ಕಿಂತ ಹಲವು ಪಟ್ಟು ಸೋಡಿಯಂ ಸಿಕ್ಕಿತು.

ಸಾಫ್ಟ್ನರ್ ನೀರು

ಮೊದಲಿಗೆ ಸಂಶಯ ಹೋದದ್ದು ಕೈಗಳ ಮೇಲೆ. ಹಸಿ ಚಿಪ್ಪನ್ನು ಅಚ್ಚಿನಿಂದ ಬಿಡಿಸುವವರು ಅಂಚನ್ನೇ ಹಿಡಿಯುತ್ತಿದ್ದರು. ಆದರೆ ಬಿರುಕಿನ ಪಟ್ಟಿ ಬೆರಳು ತಾಗಿದ ಕಡೆ ಮಾತ್ರವಿರದೆ ಅಂಚಿನ ಸುತ್ತಲೂ ಒಂದೇ ಸಮನಾಗಿ ಇತ್ತು; ಬೇಸಿಗೆಯಲ್ಲೂ ಅವವೇ ಕೈಗಳು ಬರಿದಾಗಿಯೇ ಹಿಡಿದಿದ್ದವು, ಆಗ ಬೆವರು ಇನ್ನೂ ಹೆಚ್ಚು. ಪುಡಿ ಒದಗಿಸುವವರ ಪ್ರಮಾಣಪತ್ರಗಳಲ್ಲಿ ವ್ಯತ್ಯಾಸವಿರಲಿಲ್ಲ, ಹಳೆಯ ಮತ್ತು ಹೊಸ ಚೀಲಗಳ ಪುಡಿಯ ವಿಶ್ಲೇಷಣೆಯೂ ಅದನ್ನೇ ಹೇಳಿತು. ಉಳಿದದ್ದು ನೀರು.

ಸ್ಲಿಪ್ ವಿಭಾಗದ ಪುಸ್ತಕದಲ್ಲಿ ಪ್ರತಿ ಮಿಲ್ಲಿಗೆ ಎಷ್ಟು ಆಮ್ಲ ಹಾಕಿದರೆಂದು ಬರೆದಿಡುವ ವಾಡಿಕೆಯಿತ್ತು. ಒಂದು ನಿರ್ದಿಷ್ಟ ವಾರದಿಂದ ಆಚೆಗೆ ಅದೇ ಪಿಎಚ್ ಬರಿಸಲು ಹಾಕುತ್ತಿದ್ದ ಆಮ್ಲ ಎದ್ದು ಕಾಣುವಷ್ಟು ಹೆಚ್ಚಿತ್ತು. ಯಾರೂ ಅದನ್ನು ಗಮನಿಸಿರಲಿಲ್ಲ, ಏಕೆಂದರೆ ಪಿಎಚ್ ಕೊನೆಗೆ ಸರಿಯಾಗಿಯೇ ಬರುತ್ತಿತ್ತು. ಆಮ್ಲವನ್ನು ಹೀಗೆ ನುಂಗುವುದು ನೀರಿನಲ್ಲಿರುವ ಬೈಕಾರ್ಬೊನೇಟ್. ಸ್ಲಿಪ್ಪಿಗೆ ಬಳಸಬೇಕಾದ ಡಿಎಂ ನೀರಿನಲ್ಲಿ, ಅಂದರೆ ಖನಿಜ ತೆಗೆದ ನೀರಿನಲ್ಲಿ, ಅದು ಇರಲೇಬಾರದು. ಆ ವಾರದಲ್ಲಿ ಏನಾಯಿತೆಂದು ನಿರ್ವಹಣೆಯವರನ್ನು ಕೇಳಿದಾಗ ಡಿಎಂ ಘಟಕದಲ್ಲಿ ಖನಿಜವನ್ನು ಹಿಡಿಯುವ ರಾಳ ಮುಗಿದುಹೋಗಿದ್ದು, ಹೊಸದು ಬರುವವರೆಗೆ ಪಕ್ಕದ ಸಾಫ್ಟ್ನರಿನ ನೀರನ್ನು ಮಿಲ್ಲಿಗೂ ಅಚ್ಚು ತೊಳೆಯುವುದಕ್ಕೂ ಕೊಡಲಾಗಿತ್ತೆಂದು ತಿಳಿಯಿತು. ಹೊಸ ರಾಳ ಬಂದ ಮೇಲೂ ವಾಲ್ವ್ ಹಾಗೆಯೇ ಉಳಿದಿತ್ತು.

ಹೊಸೂರಿನ ಬೋರ್‌ವೆಲ್ ನೀರು ಗಡಸು. ತಂಪುಗೊಳಿಸುವ ಕೊಳವೆಗಳಲ್ಲಿ ಸುಣ್ಣ ಕಟ್ಟದಿರಲೆಂದು ಹಾಕಿದ ಸಾಫ್ಟ್ನರ್, ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂಗಳನ್ನು ಹಿಡಿದುಕೊಂಡು ಅವುಗಳ ಬದಲಿಗೆ ಸೋಡಿಯಂ ಬಿಡುತ್ತದೆ. ಅದನ್ನು ಪುನಶ್ಚೇತನಗೊಳಿಸುವುದೇ ಉಪ್ಪುನೀರಿನಿಂದ. ಲೀಟರಿಗೆ 40 ಮಿಲಿಗ್ರಾಂ ಕ್ಯಾಲ್ಸಿಯಂ ಹೋದರೆ 46 ಮಿಲಿಗ್ರಾಂ ಸೋಡಿಯಂ ಬರುತ್ತದೆ. ಗಡಸುತನದ ಪರೀಕ್ಷೆ ಸೊನ್ನೆ ತೋರಿಸುತ್ತದೆ, ನೀರಿನಲ್ಲಿ ಕರಗಿರುವ ಲವಣದ ಒಟ್ಟು ಪ್ರಮಾಣ ಮಾತ್ರ ಇಳಿಯುವುದಿಲ್ಲ. ಘಟಕದಲ್ಲಿ ದಿನವೂ ನಡೆಯುತ್ತಿದ್ದದ್ದು ಗಡಸುತನದ ಪರೀಕ್ಷೆಯೊಂದೇ. ಸೊನ್ನೆ ಬಂದ ನೀರನ್ನು ಶುದ್ಧವೆಂದು ನಂಬಿದವರನ್ನು ದೂರುವುದು ಸುಲಭ, ಆದರೆ ಅವರ ಕೈಗೆ ಕೊಟ್ಟ ಪರೀಕ್ಷೆಯೇ ತಪ್ಪು ಪ್ರಶ್ನೆಯನ್ನು ಕೇಳುತ್ತಿತ್ತು. ನೂರಾರು ರೂಪಾಯಿಯ ಒಂದು ವಾಹಕತೆ ಮೀಟರು (ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆಂದು ಅಳೆದು ಕರಗಿದ ಲವಣವನ್ನು ತೋರಿಸುವ ಉಪಕರಣ) ಕೊಳವೆಯ ಬಾಯಲ್ಲಿದ್ದಿದ್ದರೆ ಮೊದಲ ದಿನವೇ ವಿಷಯ ಬಯಲಾಗುತ್ತಿತ್ತು.

ಆದರೂ ಒಂದು ಆಕ್ಷೇಪ ಉಳಿದಿತ್ತು, ಅದನ್ನು ಎತ್ತಿದವರು ಮಾಲೀಕರೇ. ನೀರಿನಲ್ಲಿ ಲೀಟರಿಗೆ 200 ಮಿಲಿಗ್ರಾಂ ಸೋಡಿಯಂ ಇದ್ದರೂ, ಸ್ಲಿಪ್ಪಿನಲ್ಲಿ ನೀರು ಇರುವುದು ಶೇಕಡ 18 ಮಾತ್ರವಾದ್ದರಿಂದ, ಸಿಲಿಕಾಕ್ಕೆ ಸೇರುವುದು ದಶಲಕ್ಷಕ್ಕೆ 44 ಭಾಗ. ಅದರಲ್ಲಿಯೂ ಬಹುಪಾಲು ನೀರು ಅಚ್ಚಿಗೆ ಹೋಗುತ್ತದೆ. ಇಷ್ಟರಿಂದ ಚಿಪ್ಪು ಬಿರಿಯುವುದಾದರೆ ಇಡೀ ಚಿಪ್ಪು ಬಿರಿಯಬೇಕಲ್ಲವೇ, ಅಂಚು ಮಾತ್ರವೇಕೆ? ಲೆಕ್ಕ ಸರಿಯಾಗಿತ್ತು, ಪ್ರಶ್ನೆಯೂ ಸರಿಯಾಗಿತ್ತು. ಉತ್ತರ ಒಣಗುವ ಕೋಣೆಯಲ್ಲಿತ್ತು. ತೇವವೇರಿದ ಹಳೆಯ ಗೋಡೆಯಲ್ಲಿ ಉಪ್ಪು ಗೋಡೆಯೊಳಗೆ ಉಳಿಯದೆ ನೀರು ಆರುವ ಮೈಯ ಮೇಲೆ ಹೂವಿನಂತೆ ಅರಳುವ ಹಾಗೆ, ಚಿಪ್ಪಿನೊಳಗಿನ ಲವಣವೂ ನೀರಿನೊಂದಿಗೆ ನಡೆದು, ನೀರು ಆವಿಯಾಗುವ ಜಾಗದಲ್ಲಿ ಉಳಿಯುತ್ತದೆ. ಅಚ್ಚಿನಲ್ಲಿರುವಾಗ ಗಾಳಿಗೆ ತೆರೆದಿರುವುದು ಮೇಲಿನ ಬಾಯಂಚು ಮಾತ್ರ. ಬಿಡಿಸಿದ ಮೇಲೂ ಮೊದಲು ಒಣಗುವುದು ಅದೇ. ಇಡೀ ಗೋಡೆಯ ದಶಲಕ್ಷಕ್ಕೆ ಹತ್ತಿಪ್ಪತ್ತು ಭಾಗ ಸೋಡಿಯಂ ಅಂಚಿನ ತೆಳು ಪದರದಲ್ಲಿ ಬಂದು ಸೇರಿದರೆ ಅಲ್ಲಿ ನೂರಾರು ಭಾಗವಾಗಲು ತಡವಿಲ್ಲ. ಅಚ್ಚನ್ನು ಅದೇ ನೀರಿನಿಂದ ತೊಳೆದು ಮತ್ತೆ ಬಳಸುತ್ತಿದ್ದುದರಿಂದ ಪ್ಲಾಸ್ಟರಿನಲ್ಲಿಯೂ ಉಪ್ಪು ಶೇಖರವಾಗುತ್ತಿತ್ತು.

ಮಳೆಗಾಲದ ಪಾತ್ರವೂ ಇಲ್ಲಿ ಸ್ಪಷ್ಟವಾಗುತ್ತದೆ. ಒಣ ಗಾಳಿಯಲ್ಲಿ ಮೇಲ್ಮೈ ಬೇಗ ಒಣಗಿ ಆವಿಯಾಗುವ ಗಡಿ ಗೋಡೆಯೊಳಕ್ಕೆ ಸರಿಯುತ್ತದೆ, ಲವಣ ಅಲ್ಲಲ್ಲೇ ಹಂಚಿ ನಿಲ್ಲುತ್ತದೆ. ಹಿಂಗಾರಿನ ತೇವದ ಗಾಳಿಯಲ್ಲಿ ನಿಧಾನವಾಗಿ ಒಣಗುವಾಗ ಮೇಲ್ಮೈ ಬಹುಕಾಲ ಒದ್ದೆಯಾಗಿಯೇ ಇರುವುದರಿಂದ ಒಳಗಿನ ನೀರು ಸತತವಾಗಿ ಅಂಚಿಗೆ ಹರಿದು ಲವಣವನ್ನೆಲ್ಲ ಅಲ್ಲಿಗೆ ತಂದು ಸುರಿಯುತ್ತದೆ. ನಿಧಾನವಾಗಿ ಒಣಗಿಸಿದಷ್ಟೂ ಒಳ್ಳೆಯದೆಂದು ಎರಕದವರು ಕಲಿತ ಪಾಠ ನೀರು ಶುದ್ಧವಾಗಿರುವ ತನಕ ಮಾತ್ರ ನಿಜ.

ಬದಲಾವಣೆಗಳು

ವಾಲ್ವನ್ನು ಸರಿಪಡಿಸಿದ್ದು ಮೊದಲ ಕೆಲಸ. ಸಾಫ್ಟ್ನರಿನಿಂದ ಸ್ಲಿಪ್ ವಿಭಾಗಕ್ಕೆ ಹೋಗುತ್ತಿದ್ದ ಕೊಳವೆಯನ್ನು ಮುಚ್ಚಿ ಬಿಡದೆ ಕತ್ತರಿಸಿ ತೆಗೆಯಬೇಕೆಂದು ನಾನು ಒತ್ತಾಯಿಸಿದೆ. ಇರುವ ಕೊಳವೆಯನ್ನು ತುರ್ತಿನ ದಿನ ಯಾರಾದರೂ ತೆರೆದೇ ತೆರೆಯುತ್ತಾರೆ. ಪ್ರತಿ ಮಿಲ್ಲಿಗೆ ನೀರು ಬಿಡುವ ಮೊದಲು ವಾಹಕತೆಯನ್ನು ಅಳೆದು ಬರೆಯಬೇಕು, ಸೆಂಟಿಮೀಟರಿಗೆ 5 ಮೈಕ್ರೋಸೀಮೆನ್ಸ್ ಮೀರಿದರೆ ಮಿಲ್ ನಡೆಸಬಾರದು ಎಂಬ ನಿಯಮ ಬಂದಿತು. ಹಳೆಯ ಅಚ್ಚುಗಳನ್ನು ಒಡೆದುಹಾಕಿದರು. ಪ್ಲಾಸ್ಟರಿನಲ್ಲಿ ಸೇರಿದ ಉಪ್ಪನ್ನು ತೊಳೆದು ತೆಗೆಯಬಹುದೇ ಎಂಬ ಚರ್ಚೆ ನಡೆಯಿತಾದರೂ ಅಚ್ಚಿನ ಬೆಲೆಗೂ ಒಂದು ಚಿಪ್ಪಿನ ಬೆಲೆಗೂ ಹೋಲಿಕೆಯೇ ಇಲ್ಲ. ಕೈಗವಸೂ ಬಂದಿತು, ಕಾರಣ ಅದಲ್ಲದಿದ್ದರೂ.

ಎರಕದ ಹಿರಿಯ ಕೆಲಸಗಾರರೊಬ್ಬರು ಸೂಚಿಸಿದ ಉಪಾಯ ಇವೆಲ್ಲಕ್ಕಿಂತ ಚೆನ್ನಾಗಿತ್ತು. ಲವಣ ಹೇಗೂ ಬಾಯಂಚಿಗೇ ಬರುವುದಾದರೆ ಅಂಚನ್ನೇ ಸ್ವಲ್ಪ ಎತ್ತರವಾಗಿ ಎರಕ ಹೊಯ್ದು, ಒಣಗಿದ ಮೇಲೆ ಸುಡುವ ಮೊದಲು ಆ ಹೆಚ್ಚುವರಿ ಪಟ್ಟಿಯನ್ನು ಕತ್ತರಿಸಿ ಎಸೆಯಬಹುದಲ್ಲ ಎಂದು ಅವರು ಕೇಳಿದರು. ನೀರು ಎಷ್ಟೇ ಶುದ್ಧವಾಗಿದ್ದರೂ ಪುಡಿಯಿಂದಲೋ ಪ್ಲಾಸ್ಟರಿನಿಂದಲೋ ಬರುವ ಅಲ್ಪಸ್ವಲ್ಪ ಕಲ್ಮಷವೂ ಆ ಪಟ್ಟಿಯೊಂದಿಗೆ ಹೋಗುತ್ತದೆ. ಈಗ ಅದೇ ಘಟಕದ ಕ್ರಮವಾಗಿದೆ.

ಸುಡುವ ಉಷ್ಣತೆಯನ್ನು ಮೊದಲಿದ್ದಲ್ಲಿಗೇ ತಂದರು, ಅದನ್ನು ಬದಲಿಸುವ ಅಧಿಕಾರವನ್ನು ಪಾಳಿಯವರಿಂದ ತೆಗೆದರು. ಪ್ರತಿ ಚಿಪ್ಪಿನೊಂದಿಗೆ ಅದೇ ಸ್ಲಿಪ್ಪಿನ ಒಂದು ಪರೀಕ್ಷಾ ತುಂಡನ್ನೂ ಎರಕ ಹೊಯ್ದು, ಜೊತೆಯಲ್ಲಿಯೇ ಸುಟ್ಟು, ಅದರ ಸಾಂದ್ರತೆಯನ್ನೂ ಡೈಎಲೆಕ್ಟ್ರಿಕ್ ಸ್ಥಿರಾಂಕವನ್ನೂ ಅಳೆದ ಬಳಿಕವೇ ಆ ಚಿಪ್ಪನ್ನು ಎಷ್ಟು ದಪ್ಪಕ್ಕೆ ಉಜ್ಜಬೇಕೆಂದು ನಿರ್ಧರಿಸುತ್ತಾರೆ. ನಕ್ಷೆಯಲ್ಲಿ ಒಂದೇ ಸಂಖ್ಯೆ ಇರಬೇಕೆಂದು ಹಟ ಹಿಡಿದಿದ್ದ ಗ್ರಾಹಕರ ತಪಾಸಣಾ ವಿಭಾಗವನ್ನು ಇದಕ್ಕೆ ಒಪ್ಪಿಸುವುದು ಬಿರುಕಿನ ಕಾರಣ ಹುಡುಕುವುದಕ್ಕಿಂತ ಹೆಚ್ಚು ಕಾಲ ಹಿಡಿಯಿತು.

ಮುಂದಿನ ಹಿಂಗಾರಿನಲ್ಲಿ ಹೊಯ್ದ ಚಿಪ್ಪುಗಳ ಅಂಚುಗಳು ಬಿರುಕಿಲ್ಲದೆ ಬಂದವು, ವಿದ್ಯುತ್ಕಾಂತೀಯ ಪರೀಕ್ಷೆಯಲ್ಲಿಯೂ ಬೇಕಾದ ಆವರ್ತನದಲ್ಲಿ ನಿಂತವು. ಭಟ್ಟಿಯ ಥರ್ಮೋಕಪಲ್ ಹಳೆಯದಾಗಿ ತಪ್ಪು ಉಷ್ಣತೆ ತೋರಿಸುತ್ತಿದ್ದದ್ದೂ ದೋಷಕ್ಕೆ ಕಾರಣವಾಗಿತ್ತೆಂದು ಮಾಲೀಕರು ಈಗಲೂ ವಾದಿಸುತ್ತಾರೆ. ಅದನ್ನು ಬದಲಿಸಿದ್ದು ಒಳ್ಳೆಯದೇ ಆಯಿತು. ಆದರೆ ಭಟ್ಟಿಯ ತಪ್ಪು ಇಡೀ ಚಿಪ್ಪಿಗೆ ತಾಗುತ್ತದೆಯೇ ಹೊರತು ಅಂಚನ್ನು ಮಾತ್ರ ಆರಿಸಿಕೊಳ್ಳುವುದಿಲ್ಲವಾದ್ದರಿಂದ ನಾನು ಆ ವಾದವನ್ನು ಒಪ್ಪಿಲ್ಲ. ಕತ್ತರಿಸುವ ಪಟ್ಟಿ ಎಷ್ಟು ಎತ್ತರವಿರಬೇಕೆಂಬ ಬಗ್ಗೆಯೂ ಒಮ್ಮತವಿಲ್ಲ: ಎರಕದವರು ನಾಲ್ಕು ಬೆರಳು ಕೇಳುತ್ತಾರೆ, ದುಬಾರಿ ಪುಡಿಯ ಲೆಕ್ಕ ಬರೆಯುವವರು ಎರಡೇ ಸಾಕೆನ್ನುತ್ತಾರೆ. ಸದ್ಯಕ್ಕೆ ಮಳೆಗಾಲದಲ್ಲಿ ನಾಲ್ಕು, ಬೇಸಿಗೆಯಲ್ಲಿ ಎರಡು ಎಂದು ನಡೆದಿದೆ.